ದೇಹದ ಕೊಬ್ಬಿನ ಅಳತೆ: ಯಾವ ವಿಧಾನವನ್ನು ಎಷ್ಟು ನಂಬಬಹುದು?

ಮಾನ್ಯ ಸಭಿಕರೇ,

ಬದುಕಿರುವ ಮನುಷ್ಯನ ಮೈಯಲ್ಲಿರುವ ಕೊಬ್ಬನ್ನು ನೇರವಾಗಿ ತೂಗಿ ಹೇಳುವ ಸಾಧನ ಇದುವರೆಗೆ ಯಾವುದೂ ಇಲ್ಲ. ಶವಗಳನ್ನು ವಿಶ್ಲೇಷಿಸಿದಾಗ ಮಾತ್ರ ಅದು ಸಾಧ್ಯವಾಗಿದೆ. ನಮ್ಮ ಕೈಗೆ ಸಿಗುವ ಶೇಕಡಾವಾರು ಅಂಕಿಗಳೆಲ್ಲ ಬೇರೇನನ್ನೋ ಅಳೆದು, ಸೂತ್ರವೊಂದರ ಮೂಲಕ ಅಂದಾಜಿಸಿದವು. ಆದ್ದರಿಂದ ವಿಧಾನಗಳನ್ನು ಹೋಲಿಸುವಾಗ ಯಂತ್ರ ಎಷ್ಟು ದುಬಾರಿ ಎನ್ನುವುದಕ್ಕಿಂತ, ಅದರ ಸೂತ್ರ ಯಾವ ಸಂಗತಿಯನ್ನು ಪರೀಕ್ಷಿಸದೆಯೇ ಒಪ್ಪಿಕೊಂಡಿದೆ ಎಂಬುದನ್ನು ಮೊದಲು ನೋಡಬೇಕೆಂದು ನಾನು ದೃಢವಾಗಿ ನಂಬುತ್ತೇನೆ.

ಅಮೆರಿಕದ ನೌಕಾಪಡೆಯ ವೈದ್ಯ ಆಲ್ಬರ್ಟ್ ಬೆಹ್ನ್ಕೆ ಮತ್ತು ಸಂಗಡಿಗರು 1942ರಲ್ಲಿ ಪ್ರಕಟಿಸಿದ ನೀರಿನೊಳಗಿನ ತೂಕದ ವಿಧಾನ ಬಹುಕಾಲ ಉಳಿದವುಗಳಿಗೆ ಒರೆಗಲ್ಲಾಗಿತ್ತು. ವ್ಯಕ್ತಿಯನ್ನು ನೀರಿನಲ್ಲಿ ಪೂರ್ಣ ಮುಳುಗಿಸಿ ತೂಗಿ, ದೇಹದ ಸಾಂದ್ರತೆಯನ್ನು ಕಂಡುಹಿಡಿದು, ವಿಲಿಯಂ ಸಿರಿ ಎಂಬ ವಿಜ್ಞಾನಿಯ 1961ರ ಸೂತ್ರದಂತೆ 495ನ್ನು ಆ ಸಾಂದ್ರತೆಯಿಂದ ಭಾಗಿಸಿ 450 ಕಳೆದರೆ ಕೊಬ್ಬಿನ ಶೇಕಡಾ ಪ್ರಮಾಣ ಬರುತ್ತದೆ. ಕೊಬ್ಬಿನ ಸಾಂದ್ರತೆ ಘನ ಸೆಂಟಿಮೀಟರಿಗೆ 0.9 ಗ್ರಾಂ, ಕೊಬ್ಬಿಲ್ಲದ ಭಾಗದ ಸಾಂದ್ರತೆ 1.1 ಗ್ರಾಂ ಎಂದು ಈ ಸೂತ್ರ ಎಲ್ಲರಿಗೂ ಒಂದೇ ಸಮನಾಗಿ ಭಾವಿಸುತ್ತದೆ. ಮೂಳೆ ಬಹಳ ಗಟ್ಟಿಯಾಗಿರುವ, ತೀರಾ ತೆಳ್ಳಗಿನ ಕ್ರೀಡಾಪಟುವಿನ ದೇಹದ ಸಾಂದ್ರತೆ 1.1ನ್ನು ದಾಟಿದರೆ ಉತ್ತರ ಸೊನ್ನೆಗಿಂತ ಕೆಳಗಿಳಿಯುತ್ತದೆ. ಸೊನ್ನೆಗಿಂತ ಕಡಿಮೆ ಕೊಬ್ಬಿರುವ ಮನುಷ್ಯ ಇರಲಾರ. ಉಸಿರನ್ನು ಪೂರ್ತಿ ಹೊರಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಉಳಿಯುವ ಗಾಳಿಯ ಲೆಕ್ಕ ಕೇವಲ 100 ಮಿಲಿಲೀಟರ್ ತಪ್ಪಿದರೂ, 70 ಕಿಲೋ ತೂಕದ ವ್ಯಕ್ತಿಯ ಫಲಿತಾಂಶ ಸುಮಾರು 0.7 ಶೇಕಡಾಂಶ ಪಲ್ಲಟವಾಗುತ್ತದೆ.

ಸಾಂದ್ರತೆಯ ಜೊತೆಗೆ ದೇಹದ ನೀರನ್ನೂ ಮೂಳೆಯ ಖನಿಜವನ್ನೂ ಪ್ರತ್ಯೇಕವಾಗಿ ಅಳೆಯುವ ನಾಲ್ಕು ವಿಭಾಗಗಳ ಮಾದರಿಯನ್ನು ಸಂಶೋಧಕರು ಇಂದು ಮಾನದಂಡವಾಗಿ ಬಳಸುವುದು ಈ ಕಾರಣಕ್ಕೇ. ಎರಡು ಶಕ್ತಿಮಟ್ಟದ ಎಕ್ಸ್‌-ಕಿರಣಗಳನ್ನು ಬಳಸುವ ಡೆಕ್ಸಾ ಸ್ಕ್ಯಾನ್ ಒಂದೇ ಯಂತ್ರದಲ್ಲಿ ಮತ್ತೆ ಮತ್ತೆ ಅಳೆದಾಗ ಬಹಳ ಸ್ಥಿರವಾದ ಉತ್ತರ ಕೊಡುತ್ತದೆ. ಆದರೆ ಬೇರೆ ತಯಾರಕರ ಯಂತ್ರಕ್ಕೆ ಹೋದರೆ ಅಂಕಿ ಬದಲಾಗಬಹುದು. ಚರ್ಮದ ಮಡಿಕೆಯನ್ನು ಕ್ಯಾಲಿಪರ್‌ನಿಂದ ಅಳೆಯುವ ವಿಧಾನದಲ್ಲಿ ಅಳೆಯುವವರ ಕೈಯ ಪಳಗುವಿಕೆಯೇ ಮುಖ್ಯ.

ಇಂದು ಹೆಚ್ಚು ಜನ ಬಳಸುವುದು ಬಯೋಇಂಪಿಡೆನ್ಸ್ ತಕ್ಕಡಿಗಳನ್ನು. ಇವು ಅತಿ ಸಣ್ಣ ವಿದ್ಯುತ್ ಪ್ರವಾಹಕ್ಕೆ ದೇಹ ಒಡ್ಡುವ ತಡೆಯಿಂದ ನೀರಿನ ಪ್ರಮಾಣವನ್ನು ಅಂದಾಜಿಸಿ, ಕೊಬ್ಬಿಲ್ಲದ ಭಾಗದಲ್ಲಿ ನೀರು ಸುಮಾರು ಶೇ. 73 ಇರುತ್ತದೆಂದು ಭಾವಿಸಿ, ಉಳಿದದ್ದನ್ನು ಕೊಬ್ಬೆಂದು ತೋರಿಸುತ್ತವೆ. ಬರಿಗಾಲಲ್ಲಿ ನಿಲ್ಲುವ ತಕ್ಕಡಿಯಲ್ಲಿ ಪ್ರವಾಹ ಮುಖ್ಯವಾಗಿ ಕಾಲುಗಳ ಮೂಲಕವೇ ಹಾದುಹೋಗುವುದರಿಂದ ಎದೆ ಮತ್ತು ತೋಳುಗಳ ಸ್ಥಿತಿ ಅದಕ್ಕೆ ಸರಿಯಾಗಿ ತಿಳಿಯುವುದೇ ಇಲ್ಲ. ನಾವೇ ನಮೂದಿಸಿದ ಎತ್ತರ, ವಯಸ್ಸು, ಲಿಂಗಗಳು ಉತ್ತರದ ಬಹುಪಾಲನ್ನು ನಿರ್ಧರಿಸುತ್ತವೆ ಎಂಬುದನ್ನು ಬಳಕೆದಾರರಿಗೆ ಸ್ಪಷ್ಟವಾಗಿ ತಿಳಿಸಬೇಕು.

80 ಕಿಲೋ ತೂಕದವರಿಗೆ ಶೇ. 20 ಎಂದು ಬಂದರೆ 16 ಕಿಲೋ ಕೊಬ್ಬು ಎಂದಾಯಿತು. ವಿಧಾನದ ದೋಷ ಎರಡೂ ಕಡೆಗೆ 4 ಶೇಕಡಾಂಶವಿದ್ದರೆ, ನಿಜವಾದ ಪ್ರಮಾಣ 12.8ರಿಂದ 19.2 ಕಿಲೋವರೆಗೆ ಎಲ್ಲಿ ಬೇಕಾದರೂ ಇರಬಹುದು. ಒಬ್ಬರನ್ನೇ, ಅದೇ ಯಂತ್ರದಲ್ಲಿ, ಅದೇ ಹೊತ್ತಿನಲ್ಲಿ ಅಳೆಯುತ್ತ ಹೋದರೆ ದೋಷದ ಒಂದು ಭಾಗ ಪ್ರತಿ ಸಲವೂ ಒಂದೇ ದಿಕ್ಕಿಗಿರುವುದರಿಂದ ಬದಲಾವಣೆಯ ದಿಕ್ಕನ್ನಾದರೂ ನಂಬಬಹುದು. ಆಹಾರ ತಗ್ಗಿಸಿದ ಮೊದಲ ದಿನಗಳಲ್ಲಿ ಈ ಭರವಸೆಯೂ ಸಡಿಲಗೊಳ್ಳುತ್ತದೆ: ಯಕೃತ್ತು ಮತ್ತು ಸ್ನಾಯುಗಳಲ್ಲಿ ಶೇಖರವಾಗಿರುವ ಸಕ್ಕರೆಯ ರೂಪವಾದ ಗ್ಲೈಕೋಜನ್ ಜೊತೆಗೆ ನೀರೂ ದೇಹದಿಂದ ಹೋಗುವುದರಿಂದ, ಆ ಅವಧಿಯ ಬಯೋಇಂಪಿಡೆನ್ಸ್ ಅಂಕಿಯನ್ನು ಕೊಬ್ಬಿನ ಏರಿಳಿತವೆಂದು ದಾಖಲಿಸಬಾರದು.