ಮೊಣಕೈ ನೋವಿಗೆ ಸೂಜಿಗಿಂತ ನೀರಿನ ಬಾಟಲಿ ವಾಸಿ

ಶಿರಸಿಯಲ್ಲಿ ಕೂತು ಗಾಲ್ಫ್ ವಿಚಾರ ಯಾಕೆ ಅಂತ ಕೇಳಬೇಡಿ. ಗಾಲ್ಫರ್ಸ್ ಎಲ್ಬೋ ಅನ್ನುವ ನೋವು ಬಂದವರಲ್ಲಿ ಹೆಚ್ಚಿನವರು ಗಾಲ್ಫ್ ಆಡಿದವರೇ ಅಲ್ಲ. ದಿನವಿಡೀ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುವವರಿಗೂ ಬರಬಹುದು, ಕಾರವಾರದಲ್ಲಿ ಬಲೆ ಎಳೆಯುವವರಿಗೂ ಬರಬಹುದು. ಬಿಗಿಯಾಗಿ ಹಿಡಿಯುವ, ಮಣಿಕಟ್ಟು ಮಡಚುವ ಸ್ನಾಯುಗಳು ಮೊಣಕೈ ಒಳಬದಿಯ ಒಂದು ಸಣ್ಣ ಮೂಳೆಗುಬುಟಿಗೆ ಅಂಟಿಕೊಂಡಿವೆ, ಎಳೆತವೆಲ್ಲ ಅಲ್ಲಿಗೇ. ಗಾಲ್ಫಿನಲ್ಲಿ ಚೆಂಡು ತಪ್ಪಿ ನೆಲಕ್ಕೆ ಹೊಡೆದರೂ ಏಟು ತಿನ್ನುವುದು ಅದೇ ಜಾಗ.

ನನ್ನ ತಕರಾರು ಇಂಜೆಕ್ಷನ್ ಮೇಲೆ. ನೋವು ಅಂದ ಕೂಡಲೇ "ಒಂದು ಸೂಜಿ ಹಾಕಿಬಿಡಿ ಡಾಕ್ಟ್ರೇ" ಅನ್ನುತ್ತೇವಲ್ವಾ? ಸ್ಟಿರಾಯ್ಡ್ ಹಾಕಿದರೆ ಕೆಲವು ವಾರ ಹಾಯಾಗಿರುತ್ತದೆ, ನಿಜ. ಆದರೆ ಇದರ ಅಣ್ಣನಂಥ, ಮೊಣಕೈ ಹೊರಬದಿಗೆ ಬರುವ ಟೆನ್ನಿಸ್ ಎಲ್ಬೋ ಮೇಲೆ ನಡೆದ ಅಧ್ಯಯನಗಳಲ್ಲಿ ವರ್ಷ ಕಳೆದ ಮೇಲೆ ನೋಡಿದರೆ ಸೂಜಿ ಹಾಕಿಸಿಕೊಂಡವರಿಗಿಂತ ಸುಮ್ನೆ ಕಾದವರೇ ಚೆನ್ನಾಗಿದ್ದರು.

ಹಾಗಂತ ಕೈ ಕಟ್ಟಿ ಕೂರಬೇಡಿ. ಮುಂಗೈಯನ್ನು ಮೇಜಿನ ಮೇಲಿಟ್ಟು, ಅಂಗೈ ಮೇಲೆ ಮಾಡಿ, ಮಣಿಕಟ್ಟು ಅಂಚಿನಿಂದ ಹೊರಗಿರಲಿ. ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು ನಿಧಾನಕ್ಕೆ, ತೀರಾ ನಿಧಾನಕ್ಕೆ ಕೆಳಗೆ ಇಳಿಸಿ. ಮೇಲೆತ್ತುವಾಗ ಇನ್ನೊಂದು ಕೈ ಸಹಾಯ ಮಾಡಲಿ. ಹದಿನೈದು ಸಲ, ಮೂರು ಸುತ್ತು. ಸ್ವಲ್ಪ ನೋವಾದರೆ ಪರವಾಗಿಲ್ಲ, ಮರುದಿನ ಜಾಸ್ತಿಯಾದರೆ ನೀರು ಕಡಿಮೆ ಮಾಡಿ. ಎರಡು ಮೂರು ತಿಂಗಳು ಬೇಕು. ಬೇಜಾರಿನ ಕೆಲಸ, ಅದಕ್ಕೇ ಯಾರೂ ಮಾಡುವುದಿಲ್ಲ! ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿದರೆ ಮಾತ್ರ ಅದು ನರದ ವಿಚಾರ, ತೋರಿಸಿಕೊಳ್ಳಿ.

ಗಾಲ್ಫ್ ಆಡುವವರಿಗೆ ಮೊಣಕೈಗಿಂತ ಸೊಂಟದ ಕಾಟ ಜಾಸ್ತಿ. ಸೊಂಟ ತಿರುಚಿ ಹೊಡೆಯುವ ಆಟ ಅದು. ಗಾಲ್ಫ್ ದಿಗ್ಗಜ ಟೈಗರ್ ವುಡ್ಸ್‌ಗೆ 2014ರಲ್ಲಿ ಬೆನ್ನಿನ ಆಪರೇಷನ್ ಶುರುವಾಗಿ, 2017ರಲ್ಲಿ ಎರಡು ಮೂಳೆ ಬೆಸೆದು, 2019ರಲ್ಲಿ ಮಾಸ್ಟರ್ಸ್ ಅನ್ನುವ ದೊಡ್ಡ ಟೂರ್ನಿ ಗೆದ್ದರು. ಈ ಕಥೆ ಕೇಳಿ ಆಪರೇಷನ್ ಕನಸು ಕಾಣಬೇಡಿ, ಬಹುತೇಕರ ಸೊಂಟ ನೋವು ನಡಿಗೆ, ವ್ಯಾಯಾಮದಲ್ಲೇ ಹದಕ್ಕೆ ಬರುತ್ತದೆ.

ಮೊಣಕೈ ನೋವಿಗೆ ಹುಬ್ಬಳ್ಳಿವರೆಗೆ ಹೋಗಿ ಎಂಆರ್‌ಐ ಮಾಡಿಸುವುದು ಹೆಚ್ಚಿನ ಸಲ ದುಡ್ಡು ದಂಡ, ಕೈಯಿಂದ ಒತ್ತಿ ನೋಡಿದರೇ ಗೊತ್ತಾಗುತ್ತದೆ. ಸೊಂಟ ನೋವಿನ ಜೊತೆ ಕಾಲು ಸೋತು, ಮೂತ್ರ ನಿಲ್ಲದ ಹಾಗಾದರೆ ಆ ಗಳಿಗೆಯೇ ಹೊರಡಿ. ನಮ್ಮ ಉತ್ತರ ಕನ್ನಡ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಅಂತ ನಾವು ಇಷ್ಟು ವರ್ಷ ಕೂಗುತ್ತಿರುವುದು ಇಂಥದ್ದಕ್ಕೇ, ಮೊಣಕೈ ಸ್ಕ್ಯಾನಿಗಲ್ಲ.