ಮೈಯೊಳಗಿನ ನೀರನ್ನು ಕರೆಂಟು ಅಳೆಯುವ ಬಗೆ

[ದೃಶ್ಯ: ಡಯಾಲಿಸಿಸ್ ಹಾಸಿಗೆ. ಒಂದು ಕೈ, ಅದೇ ಬದಿಯ ಪಾದ. ಎರಡೆರಡು ಅಂಟುಪಟ್ಟಿ.]

ಡಯಾಲಿಸಿಸ್ ಮಾಡಿಸಿಕೊಳ್ಳುವವರ ಮನೆಯಲ್ಲಿ ‘ಡ್ರೈ ವೇಟ್’ ದಿನವೂ ಕೇಳುವ ಮಾತು: ಹೆಚ್ಚುವರಿ ನೀರಿಲ್ಲದಿದ್ದಾಗ ಇರಬೇಕಾದ ತೂಕ. ನೀರು ಉಳಿದರೆ ಕಾಲು ಬಾತುಕೊಳ್ಳುತ್ತದೆ, ಏದುಸಿರು ಬರುತ್ತದೆ. ಅತಿಯಾಗಿ ತೆಗೆದರೆ ಬಿ.ಪಿ. ಇಳಿದು ಮೀನಖಂಡ ಹಿಡಿದುಕೊಳ್ಳುತ್ತದೆ. ತಕ್ಕಡಿ ಕಿಲೋ ತೋರಿಸುತ್ತದೆ, ಅದರಲ್ಲಿ ನೀರೆಷ್ಟು ಎಂಬುದನ್ನು ತೋರಿಸುವುದಿಲ್ಲ.

ಅದಕ್ಕೇ ಈ ಪಟ್ಟಿಗಳು. ಬೆರಳುಗಳ ಕಡೆಯ ಎರಡರ ನಡುವೆ ಕರೆಂಟು ಹರಿಯುತ್ತದೆ. ಹೆದರಬೇಡಿ, ಅದು 1 ಮಿಲಿಆಂಪಿಯರ್‌ಗಿಂತ ಕಡಿಮೆ. ಮಲಗಿದವರಿಗೆ ಗೊತ್ತೇ ಆಗುವುದಿಲ್ಲ. ಮಣಿಕಟ್ಟು ಮತ್ತು ಕಣಕಾಲಿನ ಪಟ್ಟಿಗಳು ವೋಲ್ಟೇಜ್ ಅಳೆಯುತ್ತವೆ. ಹೀಗೆ ಬೇರೆ ಮಾಡಿದ್ದರಿಂದ ಚರ್ಮದ ತಡೆ ಲೆಕ್ಕದೊಳಗೆ ನುಸುಳುವುದಿಲ್ಲ. ಲವಣ ಕರಗಿದ ನೀರಿನಲ್ಲಿ ಕರೆಂಟು ಸಲೀಸಾಗಿ ಓಡುತ್ತದೆ, ಕೊಬ್ಬಿನಲ್ಲಿ ತಡವರಿಸುತ್ತದೆ. ಆ ತಡೆಯೇ ಇಂಪೀಡೆನ್ಸ್.

[ದೃಶ್ಯ: ಒತ್ತೊತ್ತಾಗಿ ಜೀವಕೋಶಗಳು.]

ನನಗೆ ತುಂಬಾ ಇಷ್ಟವಾದ ಭಾಗ ಇದು. ಜೀವಕೋಶದ ಪೊರೆ ಕೆಪಾಸಿಟರ್‌ನಂತೆ, ಅಂದರೆ ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಬಿಡಿಭಾಗದಂತೆ ವರ್ತಿಸುತ್ತದೆ. 5 ಕಿಲೋಹರ್ಟ್ಸ್‌ನಷ್ಟು ಕಡಿಮೆ ಆವರ್ತನದ, ಅಂದರೆ ಸೆಕೆಂಡಿಗೆ ಐದು ಸಾವಿರ ಸಲವಷ್ಟೇ ಹಿಂದೆಮುಂದೆ ಓಡಾಡುವ ಕರೆಂಟಿಗೆ ಅದು ಮುಚ್ಚಿದ ಬಾಗಿಲು. ಓಣಿಯಲ್ಲಿ ನಡೆದವರಂತೆ ಕರೆಂಟು ಕೋಶಗಳ ಸಂದಿಯಲ್ಲೇ ಸಾಗುತ್ತದೆ. ಆವರ್ತನವನ್ನು ನೂರಾರು ಕಿಲೋಹರ್ಟ್ಸ್‌ಗೆ ಏರಿಸಿದರೆ ಮನೆಗಳೊಳಗೂ ಹೊಕ್ಕು ಹಾಯುತ್ತದೆ. ಮೊದಲನೆಯದು ಕೋಶಗಳ ಹೊರಗಿನ ನೀರಿನ ಸುಳಿವು, ಎರಡನೆಯದು ಒಟ್ಟು ನೀರಿನದು. ಡಯಾಲಿಸಿಸ್ ರೋಗಿಯಲ್ಲಿ ಹೆಚ್ಚುವರಿ ನೀರು ನಿಲ್ಲುವುದು ಮುಖ್ಯವಾಗಿ ಹೊರಗೇ.

ಹಾಗಾದರೆ ಯಂತ್ರ ನೀರನ್ನೇ ಅಳೆಯಿತೇ? ಇಲ್ಲ, ತಡೆಯನ್ನು ಅಳೆಯಿತು. ಎತ್ತರದ ವರ್ಗವನ್ನು ತಡೆಯಿಂದ ಭಾಗಿಸಿದರೆ ಬರುವ ಸಂಖ್ಯೆ ದೇಹದ ನೀರಿನೊಂದಿಗೆ ಚೆನ್ನಾಗಿ ಹೊಂದುತ್ತದೆ ಎಂದು ಸಂಶೋಧಕ ಹಾಫರ್ ಮತ್ತು ಸಂಗಡಿಗರು 1969ರಲ್ಲಿ ತೋರಿಸಿದರು. ಈ ಸೂತ್ರದ ಕಣ್ಣಿಗೆ ಮನುಷ್ಯನೊಂದು ಸಮನಾದ ಕೊಳವೆ! ನಿಜದಲ್ಲಿ ಮೈತೂಕದ ಅರ್ಧದಷ್ಟು ಮುಂಡದಲ್ಲಿದೆ. ಆದರೆ ಅದು ದಪ್ಪಗಿರುವುದರಿಂದ ಒಟ್ಟು ತಡೆಯಲ್ಲಿ ಅದರ ಪಾಲು ಸುಮಾರು ಹತ್ತರಲ್ಲಿ ಒಂದು. ಸಪೂರ ಕೈಕಾಲುಗಳದ್ದೇ ಮಿಕ್ಕದ್ದೆಲ್ಲ. ಹೊಟ್ಟೆಯಲ್ಲಿ ನೀರು ತುಂಬಿಕೊಂಡರೂ ಯಂತ್ರಕ್ಕೆ ಅದು ಸರಿಯಾಗಿ ಕಾಣದಿರುವುದು ಇದರಿಂದಲೇ.

ಜಿಮ್‌ನಲ್ಲಿ ಬರಿಗಾಲಲ್ಲಿ ಹತ್ತುವ ತಕ್ಕಡಿಯಲ್ಲಂತೂ ಕರೆಂಟು ಒಂದು ಕಾಲಿನಿಂದ ಹತ್ತಿ ಇನ್ನೊಂದರಿಂದ ಇಳಿಯುತ್ತದೆ. ಮಿಕ್ಕ ದೇಹದ ಬಗ್ಗೆ ಅದು ಹೇಳುವುದೆಲ್ಲ ಅಂದಾಜು. ಪೇಸ್‌ಮೇಕರ್ ಇರುವವರು ವೈದ್ಯರನ್ನು ಕೇಳದೆ ಅದನ್ನು ಹತ್ತಬೇಡಿ.

[ದೃಶ್ಯ: ಪರದೆಯ ಮೇಲೆ ಲೀಟರಿನ ಅಂಕಿ. ಬಳಿಕ ರೋಗಿಯ ಕಾಲು.]

ಅಂಕಿ ಬಂದ ಮೇಲೂ ವೈದ್ಯರು ಹೆಬ್ಬೆರಳಿನಿಂದ ಕಣಕಾಲನ್ನು ಒತ್ತಿ, ಗುಳಿ ಬೀಳುತ್ತದೆಯೇ ಎಂದು ನೋಡುತ್ತಾರೆ.