ಸೋತ ವಾರದ ಅಧ್ಯಾಯ

ಹಿರಿಯರೇ, ಗೆಳೆಯರೇ,

ಧಾರವಾಡ, ಹುಬ್ಬಳ್ಳಿಗಳಿಗೆ ನಾಯಕರ ಕೊರತೆ ಎಂದೂ ಇರಲಿಲ್ಲ. ನಾಯಕರನ್ನು ಕುರಿತ ಪುಸ್ತಕಗಳ ಕೊರತೆಯೂ ಇಲ್ಲ. ಅರವತ್ತು ತುಂಬಿದರೆ ಅಭಿನಂದನ ಗ್ರಂಥ, ತೀರಿಕೊಂಡರೆ ಸ್ಮರಣ ಸಂಚಿಕೆ, ಜನ್ಮಶತಮಾನೋತ್ಸವಕ್ಕೆ ಮತ್ತೊಂದು ಸಂಪುಟ. ಅವುಗಳ ಹಿಂದಿನ ಶ್ರದ್ಧೆಯನ್ನು ನಾನು ಗೌರವಿಸುತ್ತೇನೆ. ಆದರೆ ಬಹುಪಾಲು ಪುಸ್ತಕಗಳಲ್ಲಿ ನಾಯಕ ಸೋತ ದಿನಗಳಿಗೆ ಒಂದೆರಡು ಸಾಲು ಸಿಕ್ಕರೆ ಹೆಚ್ಚು. ಬರೆಯುವವರು ಬೆವರು ಸುರಿಸಬೇಕಾದ ಜಾಗ ಅದೇ, ವಿಮರ್ಶಕರು ಮೊದಲು ತೆರೆಯಬೇಕಾದ ಪುಟವೂ ಅದೇ ಎಂಬುದು ನನ್ನ ವಾದ.

ನಮ್ಮ ಭಾಗದವರೇ ಆದ ಎಸ್.ಆರ್. ಬೊಮ್ಮಾಯಿ ಅವರನ್ನು ತೆಗೆದುಕೊಳ್ಳೋಣ. 1924ರಲ್ಲಿ ಇಂದಿನ ಹಾವೇರಿ ಜಿಲ್ಲೆಯ ಕಾರಡಗಿಯಲ್ಲಿ ಹುಟ್ಟಿದವರು, ಹುಬ್ಬಳ್ಳಿಯಲ್ಲಿ ವಕೀಲಿ ಮಾಡಿದವರು, ಮಾನವತಾವಾದಿ ಚಿಂತಕ ಎಂ.ಎನ್. ರಾಯ್ ಅವರ ವಿಚಾರಗಳಿಗೆ ಒಲಿದವರು. 1988ರ ಆಗಸ್ಟ್‌ನಲ್ಲಿ ದೂರವಾಣಿ ಕದ್ದಾಲಿಕೆಯ ಗದ್ದಲದ ನಡುವೆ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟ ಮೇಲೆ ಮುಖ್ಯಮಂತ್ರಿಯಾದರು. ಎಂಟು ತಿಂಗಳಲ್ಲಿ, 1989ರ ಏಪ್ರಿಲ್‌ನಲ್ಲಿ, ಸರ್ಕಾರ ವಜಾ ಆಯಿತು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಆ ವಜಾ ಸಂವಿಧಾನಬಾಹಿರ ಎಂದಿತು. ಬಹುಮತ ಇದೆಯೋ ಇಲ್ಲವೋ ಎಂಬುದು ತೀರ್ಮಾನವಾಗಬೇಕಾದುದು ರಾಜಭವನದಲ್ಲಲ್ಲ, ಸದನದಲ್ಲಿ ಎಂದಿತು. ಅಂದಿನಿಂದ ಯಾವ ರಾಜ್ಯದಲ್ಲಿ ಸರ್ಕಾರ ಅಲುಗಾಡಿದರೂ ವಕೀಲರ ಬಾಯಲ್ಲಿ ಕಾರಡಗಿಯ ಈ ಮನುಷ್ಯನ ಹೆಸರು ಬರುತ್ತದೆ. ಇದು ನಮಗೆಲ್ಲ ಹೆಮ್ಮೆಯ ಸಂಗತಿ.

ಅಪಾಯವೂ ಇಲ್ಲೇ ಇದೆ. ತೀರ್ಪು ಎಷ್ಟು ದೊಡ್ಡದೆಂದರೆ, ಬರೆಯುವವರು ಇಡೀ ಬದುಕನ್ನು ಅದರತ್ತ ಹರಿಸಿಬಿಡುತ್ತಾರೆ. ಓದುಗನಿಗೆ 1989ರ ಏಪ್ರಿಲ್ ಒಂದು ಪೀಠಿಕೆಯಂತೆ ಕಾಣುತ್ತದೆ. ಆ ದಿನಗಳನ್ನು ಬದುಕಿದ ಮನುಷ್ಯನಿಗೆ ಮುಂದೆ ತೀರ್ಪು ಬರುತ್ತದೆ ಎಂದು ಗೊತ್ತಿರಲಿಲ್ಲ.

ತೀರ್ಪಿನಲ್ಲೇ ದಾಖಲಾಗಿರುವ ಘಟನಾವಳಿಯನ್ನು ನೋಡಿ. ಏಪ್ರಿಲ್ 15ರಂದು ಹದಿಮೂರು ಮಂದಿಯನ್ನು ಸೇರಿಸಿಕೊಂಡು ಸಂಪುಟ ವಿಸ್ತರಣೆ. ಎರಡೇ ದಿನಕ್ಕೆ ಬೊಮ್ಮಾಯಿ ಅವರದೇ ಪಕ್ಷವಾದ ಜನತಾದಳದ ಶಾಸಕರೊಬ್ಬರು ಪಕ್ಷ ತೊರೆಯುತ್ತಾರೆ; ತಾವು ಮತ್ತು ಇನ್ನೂ ಹತ್ತೊಂಬತ್ತು ಮಂದಿ ಬೆಂಬಲ ಹಿಂದಕ್ಕೆ ಪಡೆದಿದ್ದೇವೆ ಎಂಬ ಪತ್ರಗಳನ್ನು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರಿಗೆ ಕೊಡುತ್ತಾರೆ. ಹತ್ತೊಂಬತ್ತರಲ್ಲಿ ಹದಿನೇಳು ಜನತಾದಳದವರದೇ ಪತ್ರಗಳು. 19ರಂದು ರಾಜ್ಯಪಾಲರ ವರದಿ ದೆಹಲಿಗೆ ಹೋಗುತ್ತದೆ. 20ರಂದು ಏಳು ಮಂದಿ ತಿರುಗಿ ಬರುತ್ತಾರೆ. ತಪ್ಪು ತಿಳಿವಳಿಕೆ ಕೊಟ್ಟು ನಮ್ಮ ಸಹಿ ಪಡೆದರು ಎನ್ನುತ್ತಾರೆ. ಅದೇ ದಿನ ಬೊಮ್ಮಾಯಿ ತಮ್ಮ ಕಾನೂನು ಸಚಿವರೊಂದಿಗೆ ರಾಜಭವನಕ್ಕೆ ಹೋಗಿ, ಸದನದಲ್ಲಿ ಬಹುಮತ ತೋರಿಸುತ್ತೇನೆ, ಬೇಕಾದರೆ ಅಧಿವೇಶನವನ್ನು ಮುಂಚಿತವಾಗಿಯೇ ಕರೆಯುತ್ತೇನೆ ಎನ್ನುತ್ತಾರೆ. ರಾಜ್ಯಪಾಲರು ಎರಡನೆಯ ವರದಿ ಕಳುಹಿಸುತ್ತಾರೆ. 21ರಂದು ರಾಷ್ಟ್ರಪತಿ ಆಳ್ವಿಕೆ.

ರಾಜ್ಯಪಾಲರು ತಪ್ಪು ಮಾಡಿದರೇ ಎಂಬ ಪ್ರಶ್ನೆಗೆ ನ್ಯಾಯಾಲಯ ಉತ್ತರಿಸಿದೆ. ತನ್ನದೇ ಪಕ್ಷದ ಹದಿನೇಳು ಮಂದಿಯ ಸಹಿ ಮುಖ್ಯಮಂತ್ರಿಯ ಗಮನಕ್ಕೆ ಬಾರದೆ ಬಿದ್ದದ್ದು ಹೇಗೆ? ಈ ಪ್ರಶ್ನೆಯನ್ನು ನ್ಯಾಯಾಲಯ ಕೇಳಬೇಕಾಗಿರಲಿಲ್ಲ, ಜೀವನಚರಿತ್ರೆಕಾರ ಕೇಳಲೇಬೇಕು. ಸಂಪುಟ ವಿಸ್ತರಣೆಯಲ್ಲಿ ಯಾರ ಹೆಸರು ಬಿಟ್ಟುಹೋಗಿತ್ತು? ಜನತಾ ಪಕ್ಷವೂ ಲೋಕದಳವೂ ಕೂಡಿ ಆದ ಹೊಸ ಪಕ್ಷದಲ್ಲಿ ಯಾವ ಗುಂಪು ಯಾರ ಮಾತು ಕೇಳುತ್ತಿತ್ತು? ಅಭಿಮಾನಿ ‘ಪಿತೂರಿ’ ಎಂದು ಬರೆದು ಮುಂದೆ ಹೋಗುತ್ತಾನೆ. ವಿರೋಧಿ ‘ಹಿಡಿತವಿರಲಿಲ್ಲ’ ಎಂದು ಬರೆದು ಮುಂದೆ ಹೋಗುತ್ತಾನೆ. ಇಬ್ಬರೂ ಆ ವಾರದೊಳಗೆ ಕಾಲಿಡುವುದಿಲ್ಲ. ಇನ್ನೊಂದು ಮಾತನ್ನೂ ಮರೆಯುವಂತಿಲ್ಲ: ತೀರ್ಪು ಬರುವ ಹೊತ್ತಿಗೆ 1989ರ ಚುನಾವಣೆ ನಡೆದು, ಕಾಂಗ್ರೆಸ್ 224ರಲ್ಲಿ 178 ಸ್ಥಾನ ಗೆದ್ದು, ವೀರೇಂದ್ರ ಪಾಟೀಲರು ಮುಖ್ಯಮಂತ್ರಿಯಾಗಿ ವರ್ಷಗಳೇ ಕಳೆದಿದ್ದವು. ಗೆದ್ದ ಮೊಕದ್ದಮೆಯಿಂದ ಬೊಮ್ಮಾಯಿ ಅವರಿಗೆ ಹೋದ ಕುರ್ಚಿ ಮರಳಿ ಸಿಗಲಿಲ್ಲ. ಅದೇ ತೀರ್ಪು ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶಗಳ ಸರ್ಕಾರಗಳ ವಜಾವನ್ನು ಎತ್ತಿಹಿಡಿಯಿತು ಎಂಬುದನ್ನೂ ಬರೆಯಬೇಕು. ಇಷ್ಟದ ಅರ್ಧವನ್ನಷ್ಟೇ ಇಟ್ಟುಕೊಳ್ಳಲಾಗದು.

ವಿಮರ್ಶೆಯ ವಿಷಯಕ್ಕೆ ಬಂದರೆ ನನಗೆ ಬೇಸರವಿದೆ. ನಮ್ಮಲ್ಲಿ ವಿಮರ್ಶಕರು ಪುಸ್ತಕವನ್ನು ಬಿಟ್ಟು ನಾಯಕನನ್ನು ತೂಗುತ್ತಾರೆ. ನಾಯಕ ಒಳ್ಳೆಯವನಾದರೆ ಪುಸ್ತಕವೂ ‘ಸಂಗ್ರಹಯೋಗ್ಯ’. ಲೇಖಕ ಸದನದ ನಡಾವಳಿಗಳನ್ನು ಓದಿದ್ದಾನೆಯೇ, ಎದುರು ಪಾಳೆಯದವರನ್ನು ಮಾತನಾಡಿಸಿದ್ದಾನೆಯೇ, ಮನೆಯವರು ಹೇಳಿದ್ದನ್ನು ಬೇರೆಡೆ ತಾಳೆ ನೋಡಿದ್ದಾನೆಯೇ, ಕೊನೆಯಲ್ಲಿ ಹೆಸರುಗಳ ಸೂಚಿಯನ್ನಾದರೂ ಕೊಟ್ಟಿದ್ದಾನೆಯೇ ಎಂದು ಕೇಳುವವರು ವಿರಳ. ಮನೆತನ ರಾಜಕೀಯದಲ್ಲೇ ಮುಂದುವರಿದಿದ್ದರೆ ಈ ಪ್ರಶ್ನೆಗಳು ಇನ್ನೂ ಅಗತ್ಯ. ಬೊಮ್ಮಾಯಿ ಅವರ ಪುತ್ರ 2021ರಲ್ಲಿ ಮುಖ್ಯಮಂತ್ರಿಯಾದರು. ಅಧಿಕಾರದಲ್ಲಿರುವ ಯಾವುದೇ ಮನೆತನದ ಬಗ್ಗೆ ಬರೆಯುವಾಗ ಕಾಗದಪತ್ರ ಸುಲಭವಾಗಿ ಸಿಗಬಹುದು, ಬಿಚ್ಚುಮನಸ್ಸಿನ ಮಾತು ಸಿಗುವುದು ಕಷ್ಟ.

ನಾಯಕನ ಬೆಳಕಿನಲ್ಲಿ ಜೊತೆಗಾರರು ಮಸುಕಾಗುವುದು ಇನ್ನೊಂದು ಕೊರತೆ. ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯೊಂದಿಗೆ ನಡೆದ ಕನ್ನಡಿಗ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದರು. ಅಂದು ಅವರೊಂದಿಗೆ ಪ್ರಾಣ ಕೊಟ್ಟ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಅವರಿಗೆ ನಮ್ಮ ಪುಸ್ತಕಗಳಲ್ಲಿ ಎಷ್ಟು ಪುಟ ಸಿಕ್ಕಿದೆ?

1989ರ ಸಾಕ್ಷಿಗಳು ಈಗ ಮುಪ್ಪಿನಲ್ಲಿದ್ದಾರೆ. ಆಗಿನ ಶಾಸಕರು, ಅವರ ಆಪ್ತ ಸಹಾಯಕರು, ಹುಬ್ಬಳ್ಳಿಯಿಂದ ಬೆಂಗಳೂರಿಗೆ ಓಡಾಡಿದ ಕಾರ್ಯಕರ್ತರು, ಸುದ್ದಿ ಬರೆದ ವರದಿಗಾರರು: ಇವರನ್ನು ಕೂರಿಸಿ ಮಾತನ್ನು ಧ್ವನಿಮುದ್ರಿಸಿಕೊಳ್ಳಬೇಕು. ಅವರ ಮನೆಗಳ ಅಟ್ಟದಲ್ಲಿ ಉಳಿದಿರುವ ದಿನಚರಿ, ಪತ್ರ, ಕರಪತ್ರಗಳು ರದ್ದಿಗೆ ಹೋಗುವ ಮುನ್ನ ಧಾರವಾಡದ ಪತ್ರಾಗಾರಕ್ಕೋ ವಿಶ್ವವಿದ್ಯಾಲಯಕ್ಕೋ ಸೇರಬೇಕು. ಇಲ್ಲಿರುವ ಯುವ ಸಂಶೋಧಕರಲ್ಲಿ ಒಬ್ಬರಾದರೂ ಏಪ್ರಿಲ್ 20ರ ಒಂದೇ ದಿನವನ್ನು ಕೈಗೆತ್ತಿಕೊಳ್ಳಲಿ. ತಿರುಗಿ ಬಂದ ಆ ಏಳು ಮಂದಿಯೊಂದಿಗೆ ಮಾತನಾಡಿದವರು ಯಾರು, ಎಲ್ಲಿ, ಏನು ಹೇಳಿ ಒಪ್ಪಿಸಿದರು ಎಂಬುದನ್ನು ಹೆಸರು ಸಹಿತ ಬರೆದುಕೊಂಡು ಬರಲಿ.